ಗುರುವಾರದ ವ್ಯಾನು

ಬೆಳಗಿನ ನಾಲ್ಕಕ್ಕೆ ಕೆನೆಟ್ ಸ್ಕ್ವೇರಿನಲ್ಲಿ
ಮೊದಲು ಏಳುವುದು ವಾಸನೆ:
ಹುಲ್ಲು, ಕುದುರೆಲದ್ದಿ, ಕೋಳಿಗೊಬ್ಬರ
ಒಟ್ಟಿಗೆ ಬೆಂದು ಹಬೆಯಾಡುವ ವಾಸನೆ.
ಹೊಸಬರು ಮೂಗು ಮುಚ್ಚುತ್ತಾರೆ.
ನಮಗದು ಸಂಬಳದ ವಾಸನೆ.

ಕಿಟಕಿಯಿಲ್ಲದ ಅಣಬೆ ಮನೆಗಳು. ಒಳಗೆ ಆರಂತಸ್ತಿನ ಮಂಚ,
ಮಂಚದ ಮೇಲೆ ಕರಿಮಣ್ಣು, ಮಣ್ಣಿನ ಮೇಲೆ
ಬಿಳಿ ತಲೆಗಳು, ಎಷ್ಟು ಕೊಯ್ದರೂ ಮರುದಿನ ಮತ್ತೆ.
ಹಣೆಗೆ ದೀಪ ಕಟ್ಟಿಕೊಂಡು ಹನ್ನೊಂದು ವರ್ಷ
ನಾನೂ ಕೊಯ್ದವಳೇ.
ಬೆನ್ನು ಸಾಕೆಂದಿತು. ಕ್ಲಿನಿಕ್ಕು ಬಾ ಎಂದಿತು.
ಈಗ ನೀಲಿ ಅಂಗಿ, ಕೊರಳಲ್ಲಿ ಫೋಟೋ,
ತೊಡೆಯ ಮೇಲೆ ಫ್ಲೂ ಲಸಿಕೆಯ ತಣ್ಣನೆ ಡಬ್ಬಿ.
ಹೆರ್ಮೆಲಿಂದಾ ಬಂದಳು, ಸೂಜಿ ತಂದಳು
ಎಂದು ಹುಡುಗರು ಹಾಡು ಕಟ್ಟಿದ್ದಾರೆ.

ಬೇಡ ಎನ್ನುವುದಕ್ಕೆ ಎಷ್ಟೊಂದು ದಾರಿ!
ನಾಳೆ, ಅನ್ನುತ್ತಾನೆ ಎವರಿಸ್ತೊ.
ನಿನ್ನೆಯೇ ಆಯಿತು, ಅನ್ನುತ್ತಾಳೆ ಓಬ್ದುಲಿಯಾ, ತೋಳು ತೋರಿಸದೆ.
ಫೋನಿನಲ್ಲಿ ಡಾಕ್ಟರೊಬ್ಬ ಬೇಡವೆಂದನಂತೆ.
ಯಾವ ಡಾಕ್ಟರು? ಹೆಸರು ಗೊತ್ತಿಲ್ಲ, ಕೋಟಂತೂ ಬಿಳಿಯೇ.
ನನ್ನಜ್ಜಿ ನಿಂಬೆ ಬೆಳ್ಳುಳ್ಳಿಯಲ್ಲೇ ತೊಂಬತ್ತು ದಾಟಿದಳು...
ನಿಜ, ಆಕೆಯನ್ನು ನಾನು ಕಂಡವಳು,
ಅವಳ ನಾಲ್ಕು ಮಕ್ಕಳ ಗೋರಿಗಳನ್ನೂ.
ಹೇಳಲಿಲ್ಲ. ಮಾತು ಗೆದ್ದು ಮನುಷ್ಯನನ್ನು ಸೋಲುವುದು
ಎಷ್ಟು ಸುಲಭವೆಂದು ಮೊದಲ ವರ್ಷವೇ ಕಲಿತೆ.

ನಿಕಾನೋರ್ ಮಾತ್ರ ಕಾರಣವನ್ನೇ ಕೊಡುವವನಲ್ಲ.
ಅರವತ್ತೆರಡು. ಮೂರನೇ ಮನೆ, ಮೇಲಿನ ಮಂಚ.
ಚಳಿ ಬಂತೆಂದರೆ ಅವನ ಕೆಮ್ಮಿಗೆ ಟ್ರೇಲರಿನ ತಗಡು ಅಲುಗುತ್ತದೆ.
ವ್ಯಾನು ಕಂಡರೆ ಬೂಟಿನ ಲೇಸು ಬಿಗಿಯಲು ಬಗ್ಗುತ್ತಾನೆ;
ವ್ಯಾನು ಹೋಗುವ ತನಕ ಬಿಗಿಯುತ್ತಲೇ ಇರುತ್ತಾನೆ.
ಒಂಬತ್ತು ಗುರುವಾರ ಸೂಜಿಯ ಸುದ್ದಿ ಎತ್ತಲಿಲ್ಲ.
ದಾಲ್ಚಿನ್ನಿ ಹಾಕಿದ ಕಾಫಿ ಕೊಟ್ಟೆ. ಸಕ್ಕರೆ ಸಾಲದೆಂದ. ಹಾಕಿದೆ.
(ಇವನ ಸಕ್ಕರೆಯನ್ನೂ ಒಮ್ಮೆ ನೋಡಬೇಕು,
ಅದು ಇನ್ನೊಂದು ಗುರುವಾರಕ್ಕಿರಲಿ.)

ಹತ್ತನೆಯ ಗುರುವಾರ, ಹಿಮ ಬಿದ್ದ ದಿನ,
ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕೇಳಿದ,
ನೆಲ ನೋಡಿಕೊಂಡು:
"ಹೆಸರು ಬರೆಯುತ್ತಾರಾ?"
ಬರೆಯುತ್ತಾರೆ.
"ಆ ಹಾಳೆ ಎಲ್ಲಿಗೆ ಹೋಗುತ್ತದೆ?"

ನೋಡಿ, ಮೂರು ವರ್ಷ ನಾವು ಉತ್ತರಿಸಿದ್ದು
ಇವನು ಕೇಳದ ಪ್ರಶ್ನೆಗೆ.
ಜ್ವರ ಬರುತ್ತದಾ, ಎಷ್ಟು ದಿನ, ಒಳಗೇನಿದೆ,
ಎಲ್ಲ ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿ ಹಂಚಿದ್ದೆವು.
ಇವನ ಭಯ ಸೂಜಿಯ ತುದಿಯಲ್ಲಿರಲಿಲ್ಲ,
ಪೆನ್ನಿನ ತುದಿಯಲ್ಲಿತ್ತು.

ಒಳಗೆ ಕರೆದೊಯ್ದು ಕಪಾಟು ತೋರಿಸಿದೆ.
ಇಲ್ಲಿಗೆ ಹೋಗುತ್ತದೆ. ಇಗೋ ಬೀಗ.
ಬೀಗದ ಕೈ ನರ್ಸ್ ಪೆರ್ಪೆತುವಾಳ ಕೊರಳಲ್ಲಿ;
ಕಟ್ಟಿಕೊಳ್ಳುವ ಗಂಡಿಗೇ ಫೋನ್ ನಂಬರು ಕೊಡಲು
ಎರಡು ವರ್ಷ ಮಾಡಿದವಳು.
ವೀಸಾ ಕೇಳುವ ಜಾಗವೇ ಹಾಳೆಯಲ್ಲಿಲ್ಲ, ನೀನೇ ಓದು.
ಓದಿದ, ಬೆರಳಿಟ್ಟು, ಗೆರೆ ಗೆರೆ.
ತಿರುಗಿಸಿ ಅದರ ಖಾಲಿ ಬೆನ್ನನ್ನೂ ಓದಿದ.

ಅಂಗಿ ಕಳಚಿದಾಗ ಬಲತೋಳಿನ ಮೇಲೆ
ಮಸೂರ ಬೇಳೆಯಷ್ಟು ಹಳೆಯ ಕಲೆ.
ನನಗೂ ಇದೆ, ಅದೇ ತೋಳು, ಅದೇ ಜಾಗ.
ಎಲ್ಲಿ ಹಾಕಿಸಿದ್ದು ಇದು?
"ಮೊರೊಲಿಯೋನಿನಲ್ಲಿ. ಕೂಸಾಗಿದ್ದೆ.
ಶಾಲಿನಲ್ಲಿ ಬಿಗಿದುಕೊಂಡು ಅಮ್ಮ ಅರ್ಧ ದಿನ ನಡೆದಳಂತೆ,
ಮರಳುವಾಗ ದಾರಿಯುದ್ದ ಅತ್ತೆನಂತೆ."
ನಿಲ್ಲಿಸಿದ. ಕಲೆಯ ಮೇಲೆ ಹೆಬ್ಬೆರಳಾಡಿಸಿದ.
"ಓದಲು ಬಾರದವಳು. ಯಾರ ಮಾತು ಕೇಳಿ ಹೋದಳೋ."

ಯಾರೋ ಒಬ್ಬಳದು, ಅಂದೆ.
ಬಾಗಿಲಿಗೆ ಬಂದು ಕೂತು ಕಾಫಿ ಕುಡಿದು ಹೋದ
ಯಾರೋ ಒಬ್ಬಳದು.

ಬಲಗೈ ಕೊಯ್ಲಿಗೆ ಬೇಕು; ಎಡಗಡೆ ಚುಚ್ಚಿದಳು ಪೆರ್ಪೆತುವಾ.
ಹದಿನೈದು ನಿಮಿಷ ಕೂರು ಅಂದರೆ ಹದಿನೈದೂ ಕೂತ,
ತಪ್ಪಿದ ಪೌಂಡುಗಳ ಲೆಕ್ಕ ತುಟಿಯಲ್ಲೇ ಹಾಕುತ್ತ.

ಹೊರಗೆ ಯಾರಿಗೂ ಏನೂ ಹೇಳಲಿಲ್ಲ.
ಆ ಹಿಮದಲ್ಲಿ, ಆ ಕೊರೆತದಲ್ಲಿ,
ಎಡತೋಳನ್ನು ಮಾತ್ರ ಮೇಲೆ ಮಡಿಸಿ ನಡೆದ,
ಹತ್ತಿಯುಂಡೆ ಕಾಣುವ ಹಾಗೆ.
ಎವರಿಸ್ತೊ ನೋಡಿದ,
ಬೂಟಿನ ಲೇಸಿಗೆ ಬಗ್ಗಿದ.